ಕುಗ್ಗುವ ಅಳತೆಗೋಲು: ಹಣದುಬ್ಬರವೂ ಷೇರಿನ ನಿಜವಾದ ಲಾಭವೂ

ಪ್ರಯೋಗಶಾಲೆಗೆ ಹೊಸದಾಗಿ ಬರುವ ವಿದ್ಯಾರ್ಥಿಗೆ ನಾವು ಹೇಳಿಕೊಡುವ ಮೊದಲ ಪಾಠ ಅಳತೆಯದು. ಒಂದು ಸರಳಿನ ಉದ್ದವನ್ನು ತಿಳಿಯಬೇಕಾದರೆ ಅಳತೆಗೋಲು ಸ್ಥಿರವಾಗಿರಬೇಕು. ಬೇಸಗೆಯ ಬಿಸಿಲಿನಲ್ಲಿ ಉಕ್ಕಿನ ಗೋಲು ಕಾದು ಹಿಗ್ಗಿದರೆ, ಅದರ ಮೇಲಿನ ಒಂದು ಸೆಂಟಿಮೀಟರು ನಿಜವಾದ ಸೆಂಟಿಮೀಟರಿಗಿಂತ ಎಳ್ಳಷ್ಟು ದೊಡ್ಡದಾಗಿ, ನಾವು ಓದುವ ಅಂಕೆ ನಿಜಕ್ಕಿಂತ ಕಡಮೆಯಾಗುವುದು. ಗೋಲು ಕುಗ್ಗಿದರೆ ಇದಕ್ಕೆ ವಿರುದ್ಧ. ಸರಳು ಕೂದಲೆಳೆಯಷ್ಟೂ ಬೆಳೆಯದಿದ್ದರೂ ಅಂಕೆ ಮಾತ್ರ ಬೆಳೆಯುವುದು.

ಉಕ್ಕಿನ ಗೋಲಿನಲ್ಲಿ ಈ ತಪ್ಪು ಒಂದು ಡಿಗ್ರಿಗೆ ಲಕ್ಷದಲ್ಲಿ ಸುಮಾರು ಒಂದು ಭಾಗದಷ್ಟು ಮಾತ್ರ. ಆದರೆ ನಾವೆಲ್ಲರೂ ದಿನದಿನವೂ ಕೈಯಲ್ಲಿ ಹಿಡಿದು ಓಡಾಡುವ ಇನ್ನೊಂದು ಅಳತೆಗೋಲು ಉಂಟು. ಅದು ವರ್ಷವೊಂದಕ್ಕೆ ನೂರರಲ್ಲಿ ನಾಲ್ಕು ಭಾಗ, ಆರು ಭಾಗ, ಕೆಲವೊಮ್ಮೆ ಹತ್ತು ಭಾಗದಷ್ಟು ಕುಗ್ಗುತ್ತಿರುವುದು. ಆ ಅಳತೆಗೋಲೇ ರೂಪಾಯಿ.

ನಾವು ಪ್ರೌಢಶಾಲೆಯಲ್ಲಿದ್ದಾಗ ನಡೆದ ಒಂದು ಸಂಗತಿ ಇಲ್ಲಿ ನೆನಪಿಗೆ ಬರುತ್ತದೆ. ನಮ್ಮ ಬಂಧುಗಳೊಬ್ಬರು 1992ರ ಏಪ್ರಿಲ್ ತಿಂಗಳಿನಲ್ಲಿ ಷೇರು ಪೇಟೆಯ ಭರಾಟೆಯನ್ನು ಕಂಡು, ಮನೆ ಕಟ್ಟಲೆಂದು ಕೂಡಿಟ್ಟಿದ್ದ ಹಣವನ್ನೆಲ್ಲ ಷೇರುಗಳಲ್ಲಿ ತೊಡಗಿಸಿದರು. ಕೆಲವೇ ವಾರಗಳಲ್ಲಿ ಬೆಲೆಗಳು ಕುಸಿದವು. "ಹಾಕಿದ್ದು ಬರುವ ತನಕ ಮಾರುವುದಿಲ್ಲ" ಎಂದು ಅವರು ಹಟ ಹಿಡಿದರು. ನಡುವೆ ಬಂದ ಅಲ್ಪಸ್ವಲ್ಪ ಲಾಭಾಂಶವು ಸಂಸಾರದ ಖರ್ಚಿಗೆ ಹೋಯಿತು. ಹನ್ನೊಂದು ವರ್ಷ ಕಳೆದ ಮೇಲೆ, 2003ರ ಅಕ್ಟೋಬರಿನಲ್ಲಿ, ಹಾಕಿದ್ದು ಬಂದಿತು. ಅವರು ಷೇರುಗಳನ್ನು ಮಾರಿ, ಸಂಜೆ ಮನೆಗೆ ಮೈಸೂರು ಪಾಕು ತಂದು, "ಒಂದು ಕಾಸೂ ನಷ್ಟವಾಗಲಿಲ್ಲ" ಎಂದು ಎಲ್ಲರಿಗೂ ಹಂಚಿದರು. ಮರುವಾರ ಮೇಸ್ತ್ರಿಯನ್ನು ಕರೆಸಿ ಲೆಕ್ಕ ಹಾಕಿಸಿದಾಗ, ಆ ಹಣಕ್ಕೆ ಅರ್ಧ ಮನೆಯೂ ಏಳುವುದಿಲ್ಲವೆಂದು ತಿಳಿಯಿತು. ಹಣವೆಲ್ಲ ಬಂದಿದ್ದಿತು; ಮನೆ ಬರಲಿಲ್ಲ.

ಆ ಮನೆಯ ಉಳಿದ ಭಾಗ ಎಲ್ಲಿ ಹೋಯಿತು? ಈ ಲೇಖನದಲ್ಲಿ ನಾವು ವಿಚಾರ ಮಾಡಬೇಕಾದ ಪ್ರಶ್ನೆ ಇಷ್ಟೆ.

ಬೆಲೆಗಳನ್ನು ಅಳೆಯುವ ಬಗೆ

ಅಕ್ಕಿಯ ಬೆಲೆ ಒಂದು ರೀತಿ ಏರಿದರೆ ಬಟ್ಟೆಯ ಬೆಲೆ ಇನ್ನೊಂದು ರೀತಿ ಏರುವುದು. ಕೆಲವು ವಸ್ತುಗಳ ಬೆಲೆ ಇಳಿಯುವುದೂ ಉಂಟು. ಹೀಗಿರುವಾಗ "ಬೆಲೆಗಳು ಇಷ್ಟು ಏರಿದವು" ಎಂದು ಒಂದೇ ಅಂಕೆಯಲ್ಲಿ ಹೇಳುವುದು ಹೇಗೆ? ಇದಕ್ಕಾಗಿ ಸಂಖ್ಯಾಶಾಸ್ತ್ರಜ್ಞರು ಒಂದು ಕಲ್ಪಿತ ಬುಟ್ಟಿಯನ್ನು ಇಟ್ಟುಕೊಂಡಿದ್ದಾರೆ. ಸಾಧಾರಣ ಸಂಸಾರವೊಂದು ತಿಂಗಳಿನಲ್ಲಿ ಕೊಳ್ಳುವ ಅಕ್ಕಿ, ಬೇಳೆ, ಎಣ್ಣೆ, ಬಟ್ಟೆ, ಮನೆ ಬಾಡಿಗೆ, ಔಷಧ, ಮಕ್ಕಳ ಶಾಲೆಯ ಖರ್ಚು ಇವುಗಳನ್ನೆಲ್ಲ ಅವುಗಳ ಪ್ರಾಮುಖ್ಯಕ್ಕೆ ತಕ್ಕ ಪ್ರಮಾಣದಲ್ಲಿ ಬುಟ್ಟಿಯಲ್ಲಿ ಸೇರಿಸಿ, ಆಧಾರವರ್ಷದಲ್ಲಿ ಆ ಬುಟ್ಟಿಯ ಬೆಲೆಯನ್ನು 100 ಎಂದಿಟ್ಟುಕೊಳ್ಳುವರು. ಮುಂದೆ ಅದೇ ಬುಟ್ಟಿಯ ಬೆಲೆ 131 ಆದರೆ, ಬೆಲೆಗಳು ಶೇಕಡ 31ರಷ್ಟು ಏರಿದವೆಂದು ಅರ್ಥ. ಇದಕ್ಕೆ ಗ್ರಾಹಕ ಬೆಲೆ ಸೂಚ್ಯಂಕವೆಂದು ಹೆಸರು. ನಮ್ಮ ದೇಶದಲ್ಲಿ ಕೈಗಾರಿಕಾ ಕಾರ್ಮಿಕರಿಗೆ ಸಂಬಂಧಿಸಿದ ಇಂಥ ಸೂಚ್ಯಂಕವನ್ನು ಕೇಂದ್ರ ಸರ್ಕಾರದ ಲೇಬರ್ ಬ್ಯೂರೋ ದಶಕಗಳಿಂದ ಸಿದ್ಧಪಡಿಸುತ್ತ ಬಂದಿದೆ. ಬುಟ್ಟಿಯು ಹಳತಾದಾಗ ಆಧಾರವರ್ಷವನ್ನು ಬದಲಾಯಿಸುವರು. 1960, 1982, 2001, 2016 ಹೀಗೆ ಶ್ರೇಣಿಗಳು ಬಂದಿವೆ. ಒಂದು ಶ್ರೇಣಿಯಿಂದ ಮತ್ತೊಂದಕ್ಕೆ ದಾಟಲು ಕೊಂಡಿಯಂತಿರುವ ಗುಣಕವೊಂದನ್ನು ಆಗಲೇ ಪ್ರಕಟಿಸುವರು. ಸೆಂಟಿಗ್ರೇಡನ್ನು ಫ್ಯಾರನ್‌ಹೀಟಿಗೆ ಪರಿವರ್ತಿಸುವಂತೆಯೇ ಇದು.

ಈಗ ನಮ್ಮ ಬಂಧುಗಳ ಲೆಕ್ಕವನ್ನು ನೋಡೋಣ. 1982ರ ಬೆಲೆಯನ್ನು 100 ಎಂದಿಟ್ಟರೆ ಈ ಸೂಚ್ಯಂಕವು 1992ರ ಏಪ್ರಿಲಿನಲ್ಲಿ ಸುಮಾರು 229, 2003ರ ಅಕ್ಟೋಬರಿನಲ್ಲಿ ಸುಮಾರು 503. ಅಂದರೆ ಬೆಲೆಗಳು 2.2 ಪಟ್ಟಾಗಿದ್ದವು. ಹನ್ನೊಂದು ವರ್ಷ ಕಾದು ಅವರು ಹಿಂದಕ್ಕೆ ಪಡೆದ ಪ್ರತಿಯೊಂದು ರೂಪಾಯಿಯೂ ಹಳೆಯ ರೂಪಾಯಿಯ 45 ಪೈಸೆಗೆ ಸಮನಾಗಿದ್ದಿತು. ಉಳಿದ 55 ಪೈಸೆಯನ್ನು ಯಾರೂ ಕದಿಯಲಿಲ್ಲ, ಅಳತೆಗೋಲು ಕುಗ್ಗಿತ್ತು.

ರೂಪಾಯಿಯ ಅರ್ಧಾಯು

ರೇಡಿಯಮ್ಮಿನಂಥ ಮೂಲವಸ್ತುಗಳು ತಮ್ಮಷ್ಟಕ್ಕೆ ತಾವೇ ಕ್ಷಯಿಸುತ್ತ ಹೋಗುವುದನ್ನು ವಾಚಕರು ಭೌತವಿಜ್ಞಾನದ ಪುಸ್ತಕಗಳಲ್ಲಿ ಓದಿರಬಹುದು. ಇಂಥ ವಸ್ತುವಿನ ಅರ್ಧಭಾಗ ಕ್ಷಯಿಸಲು ಬೇಕಾಗುವ ಕಾಲಕ್ಕೆ ಅರ್ಧಾಯು ಎಂದು ಹೆಸರು. ಒಂದು ಅರ್ಧಾಯು ಕಳೆದರೆ ಅರ್ಧ, ಎರಡು ಕಳೆದರೆ ಕಾಲು, ಮೂರು ಕಳೆದರೆ ಅರೆಕಾಲು ಉಳಿಯುವುದು. ಬೆಲೆಗಳು ಒಂದೇ ದರದಲ್ಲಿ ಏರುತ್ತಿದ್ದರೆ ರೂಪಾಯಿಯ ಕೊಳ್ಳುವ ಶಕ್ತಿಯೂ ಇದೇ ನಿಯಮಕ್ಕನುಸಾರವಾಗಿ ಕ್ಷಯಿಸುವುದು. ಆದುದರಿಂದ ರೂಪಾಯಿಗೂ ಒಂದು ಅರ್ಧಾಯುವನ್ನು ಲೆಕ್ಕ ಹಾಕಬಹುದು:

ಬೆಲೆಯೇರಿಕೆ ವರ್ಷಕ್ಕೆ ಶೇಕಡ 4 ಆದರೆ, ಅರ್ಧಾಯು 17.7 ವರ್ಷ.
ಶೇಕಡ 6 ಆದರೆ, 11.9 ವರ್ಷ.
ಶೇಕಡ 8 ಆದರೆ, 9 ವರ್ಷ.
ಶೇಕಡ 10 ಆದರೆ, 7.3 ವರ್ಷ.

ಲಾಗರಿತಮ್ ಕೋಷ್ಟಕ ಕೈಯಲ್ಲಿಲ್ಲದವರು 72ನ್ನು ಏರಿಕೆಯ ದರದಿಂದ ಭಾಗಿಸಿದರೆ ಸಾಕು, ಅರ್ಧಾಯು ಸರಿಸುಮಾರಾಗಿ ದೊರೆಯುವುದು. ಭಾರತೀಯ ರಿಸರ್ವ್ ಬ್ಯಾಂಕಿಗೆ 2016ರಲ್ಲಿ ಗೊತ್ತುಪಡಿಸಿದ ಗುರಿಯು ಶೇಕಡ 4. ಅದರ ಮೇಲಣ ಮಿತಿ ಶೇಕಡ 6. ಈ ಎರಡರ ನಡುವಣ ಅಂತರವು ಅಲ್ಪವೆಂದು ತೋರಬಹುದು. ಆದರೆ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಕೆಲಸಕ್ಕೆ ಸೇರಿ ಅರುವತ್ತನೆಯ ವಯಸ್ಸಿನಲ್ಲಿ ನಿವೃತ್ತನಾಗುವವನ ದುಡಿಮೆಯ ಕಾಲ 36 ವರ್ಷ. ಶೇಕಡ 4ರ ಲೆಕ್ಕದಲ್ಲಿ ಇದು ಎರಡು ಅರ್ಧಾಯು. ಮೊದಲ ತಿಂಗಳಿನಲ್ಲಿ ಪೆಟ್ಟಿಗೆಯಲ್ಲಿಟ್ಟ ರೂಪಾಯಿಯು ಕೊನೆಗೆ ನಾಲ್ಕಾಣೆಯ ಕೆಲಸ ಮಾಡುವುದು. ಶೇಕಡ 6ರ ಲೆಕ್ಕದಲ್ಲಿ ಇದು ಮೂರು ಅರ್ಧಾಯು. ಅದೇ ರೂಪಾಯಿ ಎರಡಾಣೆಯ ಕೆಲಸ ಮಾಡುವುದು.

ಕಳೆಯಬೇಕೋ, ಭಾಗಿಸಬೇಕೋ?

ಒಬ್ಬನು ತೊಡಗಿಸಿದ ಹಣವು ವರ್ಷದಲ್ಲಿ ಶೇಕಡ 12ರಷ್ಟು ಬೆಳೆಯಿತೆಂದೂ, ಅದೇ ವರ್ಷದಲ್ಲಿ ಬೆಲೆಗಳು ಶೇಕಡ 6ರಷ್ಟು ಏರಿದವೆಂದೂ ಇಟ್ಟುಕೊಳ್ಳೋಣ. ಕಾಗದದ ಮೇಲೆ ಕಾಣುವ 12ನ್ನು ನಾಮಮಾತ್ರ ಲಾಭವೆಂದೂ, ಬೆಲೆಯೇರಿಕೆಯನ್ನು ಕಳಚಿ ಉಳಿಯುವುದನ್ನು ವಾಸ್ತವ ಲಾಭವೆಂದೂ ಕರೆಯೋಣ. ವಾಸ್ತವ ಲಾಭವೆಷ್ಟು? 12ರಲ್ಲಿ 6ನ್ನು ಕಳೆದು ಶೇಕಡ 6 ಎಂದು ಹೇಳಲು ನಾಲಗೆ ತವಕಿಸುವುದು. ಆದರೆ 100 ರೂಪಾಯಿ 112 ಆಗಿದೆ. 100 ರೂಪಾಯಿಗೆ ದೊರೆಯುತ್ತಿದ್ದ ಬುಟ್ಟಿಗೆ ಈಗ 106 ರೂಪಾಯಿ. ಹಾಗಾದರೆ ಎಷ್ಟು ಬುಟ್ಟಿಗಳು ದೊರೆಯುವುವು? 112ನ್ನು 106ರಿಂದ ಭಾಗಿಸಿದರೆ 1.0566. ಅಂದರೆ ವಾಸ್ತವ ಲಾಭ ಶೇಕಡ 5.66. ಗೋಲು ಕುಗ್ಗಿದಾಗ ಅಂಕೆಯನ್ನು ಗೋಲಿನ ಪ್ರಮಾಣದಿಂದ ತಿದ್ದುವುದೇ ಸರಿಯಾದ ಕ್ರಮ. ಇದನ್ನು ಸೂತ್ರರೂಪದಲ್ಲಿ ಹೀಗೆ ಬರೆಯಬಹುದು:

(1 + ನಾ) = (1 + ವಾ) × (1 + ಬೆ)

ಇಲ್ಲಿ 'ನಾ' ಎಂದರೆ ನಾಮಮಾತ್ರ ಲಾಭ, 'ವಾ' ಎಂದರೆ ವಾಸ್ತವ ಲಾಭ, 'ಬೆ' ಎಂದರೆ ಬೆಲೆಯೇರಿಕೆ.

ಈ ಸಂಬಂಧವನ್ನು ಸ್ಪಷ್ಟವಾಗಿ ವಿವರಿಸಿದವನು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಇರ್ವಿಂಗ್ ಫಿಷರ್ (1867–1947). ಉಷ್ಣಗತಿವಿಜ್ಞಾನದ ಪಾಠಗಳಲ್ಲಿ ಹೆಸರು ಕೇಳಿಬರುವ ವಿಲರ್ಡ್ ಗಿಬ್ಸನ ಶಿಷ್ಯನೀತ. ಜನರು ರೂಪಾಯಿ, ಡಾಲರುಗಳನ್ನು ಬದಲಾಗದ ಅಳತೆಯೆಂದೇ ನಂಬುವ ಸ್ವಭಾವಕ್ಕೆ ಫಿಷರನು 'ಹಣದ ಭ್ರಮೆ' ಎಂದು ಹೆಸರಿಟ್ಟು, 1928ರಲ್ಲಿ ಅದೇ ಹೆಸರಿನ ಪುಸ್ತಕವನ್ನು ಪ್ರಕಟಿಸಿದನು. ಮೈಸೂರು ಪಾಕು ಹಂಚಿದ ನಮ್ಮ ಬಂಧುಗಳನ್ನು ಹಿಡಿದಿದ್ದುದು ಈ ಭ್ರಮೆಯೇ. ಇದೇ ಫಿಷರನು ಮರುವರ್ಷ, 1929ರ ಮಹಾಕುಸಿತದ ಮುನ್ನಾದಿನಗಳಲ್ಲಿ, ಷೇರುಗಳ ಬೆಲೆ ಇನ್ನು ಕೆಳಗಿಳಿಯಲಾರದೆಂಬ ಭರವಸೆಯನ್ನು ಬಹಿರಂಗವಾಗಿ ನುಡಿದು, ತನ್ನ ಸ್ವಂತ ಐಶ್ವರ್ಯವನ್ನೆಲ್ಲ ಕಳೆದುಕೊಂಡನೆಂಬುದನ್ನೂ ವಾಚಕರು ಗಮನದಲ್ಲಿಡಬೇಕು. ಅಳೆಯುವ ಸೂತ್ರ ಒಂದು. ಭವಿಷ್ಯವನ್ನು ಕಾಣುವುದು ಇನ್ನೊಂದು.

ಒಂದು ವರ್ಷದಲ್ಲಿ ಈ ತಿದ್ದುಪಡಿ ಅಲ್ಪ. ಕಾಲ ದೀರ್ಘವಾದಂತೆ ಚಕ್ರಬಡ್ಡಿಯ ನಿಯಮದಂತೆ ಅದು ಬೆಟ್ಟವಾಗುವುದು. ಒಂದು ಲಕ್ಷ ರೂಪಾಯಿಯು ಶೇಕಡ 12ರಂತೆ 30 ವರ್ಷ ಬೆಳೆದರೆ ಸುಮಾರು 30 ಲಕ್ಷವಾಗುವುದು. ಅದೇ ಅವಧಿಯಲ್ಲಿ ಶೇಕಡ 6ರಂತೆ ಬೆಲೆಗಳು 5.74 ಪಟ್ಟಾಗುವುವು. ಭಾಗಿಸಿದರೆ ಉಳಿಯುವುದು 5 ಲಕ್ಷದ 22 ಸಾವಿರ. ಜಾಹೀರಾತಿನಲ್ಲಿ 30 ಲಕ್ಷ, ಬಾಳಿನಲ್ಲಿ 5 ಲಕ್ಷ 22 ಸಾವಿರ! ಇದೂ ಒಳ್ಳೆಯ ಲಾಭವೇ ಸರಿ. ಆದರೆ ಮೂವತ್ತು ಪಟ್ಟಲ್ಲ, ಐದು ಪಟ್ಟು.

ಇದರೊಡನೆ ಠೇವಣಿಯನ್ನೂ ಹೋಲಿಸಿ ನೋಡಬಹುದು. ಶೇಕಡ 7ರ ಬಡ್ಡಿ, ಬಡ್ಡಿಯ ಮೇಲೆ ಶೇಕಡ 30ರ ತೆರಿಗೆ ಎಂದಿಟ್ಟುಕೊಂಡರೆ ಕೈಗೆ ಬರುವುದು ಶೇಕಡ 4.9. ಬೆಲೆಗಳು ಶೇಕಡ 6ರಂತೆ ಏರಿದರೆ ಒಂದು ಲಕ್ಷವು 30 ವರ್ಷಗಳಲ್ಲಿ 4 ಲಕ್ಷದ 20 ಸಾವಿರವಾಗಿಯೂ, ಇಂದಿನ ಬೆಲೆಯಲ್ಲಿ 73 ಸಾವಿರಕ್ಕೆ ಮಾತ್ರ ಸಮನಾಗುವುದು. ಹೊಳೆಯ ಸೆಳವಿಗೆದುರಾಗಿ ಈಜುವವನು ಕೈಕಾಲು ಬಡಿಯುತ್ತಿದ್ದರೂ ದಡದಿಂದ ನೋಡುವವರಿಗೆ ಹಿಂದಕ್ಕೆ ತೇಲಿಹೋಗುತ್ತಿರುವಂತೆ ಕಾಣುವನಲ್ಲವೆ? ಇದೂ ಹಾಗೆಯೇ.

ಷೇರು ಬೆಲೆಯೊಡನೆ ಏರುವುದೇಕೆ?

ಠೇವಣಿಯೆಂಬುದು ಒಂದು ಮಾತು. "ಇಷ್ಟು ವರ್ಷಗಳ ತರುವಾಯ ಇಷ್ಟು ರೂಪಾಯಿ ಕೊಡುತ್ತೇವೆ" ಎಂಬ ಮಾತು. ಆ ರೂಪಾಯಿಗೆ ಏನು ಸಿಗುವುದೆಂಬುದು ಆ ಮಾತಿನಲ್ಲಿ ಸೇರಿಲ್ಲ. ಷೇರು ಹಾಗಲ್ಲ, ಅದು ಒಂದು ಉದ್ಯಮದ ಪಾಲು. ಸಿಮೆಂಟು ಕಾರ್ಖಾನೆಯೊಂದರ ಷೇರನ್ನು ಹೊಂದಿರುವವನು ಅದರ ನೆಲ, ಯಂತ್ರ, ದಾಸ್ತಾನುಗಳಲ್ಲಿ ಒಂದು ಅಣುವಿನಷ್ಟು ಭಾಗಕ್ಕೆ ಒಡೆಯನಾಗಿದ್ದಾನೆ. ಬೆಲೆಗಳೆಲ್ಲ ಎರಡು ಪಟ್ಟಾದರೆ ಕಾಲಕ್ರಮದಲ್ಲಿ ಸಿಮೆಂಟಿನ ಬೆಲೆಯೂ ಎರಡು ಪಟ್ಟಾಗುವುದು. ಕೂಲಿ, ಕಲ್ಲಿದ್ದಲುಗಳ ಖರ್ಚೂ ಎರಡು ಪಟ್ಟಾಗುವುದು. ಆದುದರಿಂದ ಇವುಗಳ ಅಂತರವಾದ ಲಾಭವೂ ಎರಡು ಪಟ್ಟಾಗತಕ್ಕದ್ದು. ಇದಲ್ಲದೆ ಉದ್ಯಮವು ಲಾಭದ ಒಂದಂಶವನ್ನು ಹೊಸ ಯಂತ್ರಗಳಿಗೆ ಹಾಕಿ ನಿಜವಾಗಿಯೂ ಬೆಳೆಯುವುದುಂಟು. ಹೀಗೆ ಷೇರಿನ ಬೆಲೆಯ ಏರಿಕೆಯಲ್ಲಿ ಎರಡು ಅಂಶಗಳು ಬೆರೆತಿರುತ್ತವೆ. ಒಂದು ಉದ್ಯಮದ ಬೆಳವಣಿಗೆ, ಇನ್ನೊಂದು ಅಳತೆಗೋಲಿನ ಕುಗ್ಗುವಿಕೆ. ಹಾಲಿನಿಂದ ನೀರನ್ನು ಬೇರ್ಪಡಿಸುವ ಹಂಸದಂತೆ ಇವೆರಡನ್ನು ಬೇರ್ಪಡಿಸುವುದೇ ನಮ್ಮ ಕೆಲಸ.

ನಲವತ್ತೈದು ವರ್ಷಗಳ ಲೆಕ್ಕ

ಮುಂಬಯಿ ಷೇರು ವಿನಿಮಯ ಕೇಂದ್ರದ 30 ದೊಡ್ಡ ಸಂಸ್ಥೆಗಳ ಷೇರುಗಳಿಂದ ಲೆಕ್ಕ ಹಾಕುವ ಸೂಚ್ಯಂಕಕ್ಕೆ ಸೆನ್ಸೆಕ್ಸ್ ಎಂದು ಹೆಸರು. ಇದು 1986ರಲ್ಲಿ ಆರಂಭವಾಯಿತು. 1978-79ರ ಬೆಲೆಯನ್ನು 100 ಎಂದು ಇಟ್ಟುಕೊಂಡಿದೆ. 2024ರ ಮಾರ್ಚ್ 28ರಂದು, ಆ ಆರ್ಥಿಕ ವರ್ಷದ ಕೊನೆಯ ವಹಿವಾಟಿನ ದಿನ, ಅದು 73,651ರಲ್ಲಿ ನಿಂತಿತು. ಸುಮಾರು 45 ವರ್ಷಗಳಲ್ಲಿ 736 ಪಟ್ಟು! ವರ್ಷಕ್ಕೆ ಸರಾಸರಿ ಶೇಕಡ 15.6ರ ಬೆಳವಣಿಗೆ.

ಈಗ ಬೆಲೆಗಳತ್ತ ತಿರುಗೋಣ. ಕೈಗಾರಿಕಾ ಕಾರ್ಮಿಕರ ಬೆಲೆ ಸೂಚ್ಯಂಕವು 1960ನ್ನು 100 ಎಂದಿಟ್ಟರೆ 1978-79ರಲ್ಲಿ ಸರಾಸರಿ 331 ಆಗಿದ್ದಿತು. ಕೊಂಡಿಯ ಗುಣಕಗಳಿಂದ ಎಲ್ಲ ಶ್ರೇಣಿಗಳನ್ನೂ ಜೋಡಿಸಿದರೆ 2024ರ ಮಾರ್ಚಿನಲ್ಲಿ ಅದು ಸುಮಾರು 9,100. ಅಂದರೆ ಬೆಲೆಗಳು 27 ಪಟ್ಟಿಗಿಂತ ತುಸು ಹೆಚ್ಚಾದವು. ವರ್ಷಕ್ಕೆ ಸರಾಸರಿ ಶೇಕಡ 7.6ರಂತೆ. 736ನ್ನು ಇದರಿಂದ ಭಾಗಿಸಿದರೆ ದೊರೆಯುವುದೂ ಸುಮಾರು 27 ಪಟ್ಟೇ! ವರ್ಷಕ್ಕೆ ಸರಾಸರಿ ಶೇಕಡ 7.5.

ಈ ಕಾಕತಾಳೀಯವು ಒಂದು ಸುಂದರವಾದ ಪಾಠವಾಗಿದೆ. 27ನ್ನು 27ರಿಂದ ಗುಣಿಸಿದರೆ 729. 736ಕ್ಕೆ ಬಹಳ ಸಮೀಪ. ಸೆನ್ಸೆಕ್ಸಿನ ಏರಿಕೆಯನ್ನು ಎರಡು ಗುಣಕಗಳಾಗಿ ಒಡೆದರೆ ಒಂದು ಗುಣಕ ಭಾರತದ ಉದ್ಯಮಗಳದು, ಅದಕ್ಕೆ ಸಮನಾದ ಇನ್ನೊಂದು ಗುಣಕ ರೂಪಾಯಿಯ ಕ್ಷಯದ್ದು. ಲಾಗರಿತಮಿನ ಭಾಷೆಯಲ್ಲಿ ಹೇಳುವುದಾದರೆ ಏರಿಕೆಯ ಅರ್ಧಭಾಗ ನೀರು, ಅರ್ಧಭಾಗ ಹಾಲು. 736 ಪಟ್ಟು ಎಂಬ ಅಂಕೆಯನ್ನು ಕಂಡು ಬೆರಗಾಗುವವನು ಅಳತೆಗೋಲಿನ ಕುಗ್ಗುವಿಕೆಯನ್ನೂ ಲಾಭವೆಂದು ಎಣಿಸುತ್ತಿದ್ದಾನೆ. ಆದರೆ ಉಳಿದ 27 ಪಟ್ಟೂ ಸಾಮಾನ್ಯವಲ್ಲ. ಅದು ಮನೆ, ಅಕ್ಕಿ, ಬಟ್ಟೆಗಳ ಭಾಷೆಯಲ್ಲಿ ಆದ ನಿಜವಾದ ವೃದ್ಧಿ.

ಇಲ್ಲಿ ಕೆಲವು ಎಚ್ಚರಿಕೆಗಳನ್ನು ಹೇಳಬೇಕು. ಸೆನ್ಸೆಕ್ಸಿನಲ್ಲಿ ಲಾಭಾಂಶ ಸೇರಿಲ್ಲ; ಸೇರಿಸಿದರೆ ಫಲ ಇನ್ನೂ ಹೆಚ್ಚುವುದು. ದಲ್ಲಾಳಿಯ ಖರ್ಚು, ತೆರಿಗೆಗಳನ್ನು ಕಳೆದರೆ ಕಡಮೆಯಾಗುವುದು. ಮೇಲಾಗಿ, ಆ ಪಟ್ಟಿಯಲ್ಲಿರುವ ಸಂಸ್ಥೆಗಳು ಬದಲಾಗುತ್ತ ಬಂದಿವೆ. ಮೊದಲ ಪಟ್ಟಿಯ 30 ಸಂಸ್ಥೆಗಳಲ್ಲಿ ಹೆಚ್ಚಿನವು ಈಗ ಅದರಲ್ಲಿಲ್ಲ. ಸೊರಗಿದವುಗಳು ಹೊರಗೆ ಹೋಗಿ ಬೆಳೆದವುಗಳು ಒಳಗೆ ಬಂದಿವೆ. ಆದುದರಿಂದ ಸೂಚ್ಯಂಕದ ಬೆಳವಣಿಗೆಯನ್ನು ಕಂಡು ಯಾವುದೋ ಒಂದು ಷೇರೂ ಹೀಗೆಯೇ ಬೆಳೆಯುವುದೆಂದು ತಿಳಿಯಬಾರದು. ಕಾಡು ಉಳಿದರೂ ಅದರಲ್ಲಿನ ಮರ ಉಳಿಯಬೇಕೆಂದಿಲ್ಲ.

ಬೆಲೆಯ ಹಿಂದೆ ಬಿದ್ದ ವರ್ಷಗಳು

ದೀರ್ಘಕಾಲದ ಸರಾಸರಿಯನ್ನು ಕಂಡ ಮೇಲೆ, "ಷೇರಿಗೆ ಹಣದುಬ್ಬರದ ಭಯವಿಲ್ಲ" ಎಂದು ಕೆಲವರು ತೀರ್ಮಾನಿಸಿಬಿಡುವರು. ಚರಿತ್ರೆಯು ಇದನ್ನು ಒಪ್ಪುವುದಿಲ್ಲ. ಎರಡು ನಿದರ್ಶನಗಳನ್ನು ನೋಡೋಣ.

ಮೊದಲನೆಯದು ನಮ್ಮ ದೇಶದ್ದೇ. 1992ರ ಏಪ್ರಿಲ್ 22ರಂದು ಸೆನ್ಸೆಕ್ಸ್ 4,467ನ್ನು ಮುಟ್ಟಿತು. ಬ್ಯಾಂಕುಗಳ ಹಣವನ್ನು ಅಕ್ರಮವಾಗಿ ಷೇರು ಪೇಟೆಗೆ ಹರಿಯಿಸಿದ್ದ ಹಗರಣವು ಆಗ ಬಯಲಿಗೆ ಬಂದು ಬೆಲೆಗಳು ಉರುಳಿದವು. ನಡುವೆ ಕೆಲವು ಬಾರಿ ಆ ಮಟ್ಟವನ್ನು ದಾಟಿ ಮತ್ತೆ ಕೆಳಗಿಳಿದು, 2003ರ ಏಪ್ರಿಲಿನ ಕೊನೆಯಲ್ಲಿ ಅದು 2,924ರಲ್ಲಿದ್ದಿತು. ಕಾಗದದ ಲೆಕ್ಕದಲ್ಲಿ ನಷ್ಟ ಶೇಕಡ 35. ಅಷ್ಟರಲ್ಲಿ ಬೆಲೆಗಳು ಎರಡು ಪಟ್ಟಿಗೂ ಮಿಕ್ಕಿ ಏರಿದ್ದುದರಿಂದ ಲಾಭಾಂಶ ಬಿಟ್ಟು ವಾಸ್ತವವಾಗಿ ಉಳಿದುದು ಮೂರನೆಯ ಒಂದು ಭಾಗಕ್ಕಿಂತ ಕಡಮೆ.

ಎರಡನೆಯದು ಅಮೆರಿಕದ್ದು. ಅಲ್ಲಿನ ಡೌ ಜೋನ್ಸ್ ಸೂಚ್ಯಂಕವು 1966ರ ಫೆಬ್ರವರಿ 9ರಂದು 995ರಲ್ಲಿದ್ದಿತು. ಹದಿನಾರೂವರೆ ವರ್ಷಗಳ ತರುವಾಯ, 1982ರ ಆಗಸ್ಟ್ 12ರಂದು, ಅದು 777ರಲ್ಲಿದ್ದಿತು. ಇಷ್ಟನ್ನೇ ನೋಡಿದವರಿಗೆ ನಷ್ಟವು ಐದನೆಯ ಒಂದು ಭಾಗವೆಂದು ತೋರುವುದು. ಆದರೆ ಈ ಅವಧಿಯಲ್ಲಿ ಅಮೆರಿಕದ ಬೆಲೆಗಳು ಮೂರು ಪಟ್ಟಾಗಿದ್ದವು. 1973-74ರಲ್ಲಿ ಕಚ್ಚಾ ತೈಲದ ಬೆಲೆ ಕೆಲವೇ ತಿಂಗಳುಗಳಲ್ಲಿ ಸುಮಾರು ನಾಲ್ಕು ಪಟ್ಟಾಯಿತು. 1979ರ ತರುವಾಯ ಮತ್ತೆ ಏರಿತು. ಈ ಏರಿಕೆಯನ್ನು ಕಳಚಿದರೆ ಸೂಚ್ಯಂಕದ ವಾಸ್ತವ ಬೆಲೆ ಕಾಲುಭಾಗಕ್ಕೆ ಇಳಿದಿದ್ದಿತು. ವರ್ಷಕ್ಕೆ ಶೇಕಡ 4ರಷ್ಟು ಲಾಭಾಂಶ ಬಂದು, ಅದನ್ನೆಲ್ಲ ಮತ್ತೆ ತೊಡಗಿಸಿದ್ದರೆಂದು ಲೆಕ್ಕ ಹಾಕಿದರೂ ಉಳಿಯುವುದು ಅರ್ಧದಷ್ಟೇ. 1929ರ ಕುಸಿತವನ್ನು ಎಲ್ಲರೂ ನೆನೆಯುವರು, ಏಕೆಂದರೆ ಅದು ಗದ್ದಲದಿಂದ ಬಂದಿತು. ಈ ನಷ್ಟವು ಸದ್ದಿಲ್ಲದೆ ಬಂದುದರಿಂದ ಸಾಮಾನ್ಯರು ಅದನ್ನು ಗುರುತಿಸಲೂ ಇಲ್ಲ.

ಷೇರು ಉದ್ಯಮದ ಪಾಲಾಗಿದ್ದರೂ ಹೀಗೇಕಾಯಿತು? ಕಾರಣಗಳು ಮುಖ್ಯವಾಗಿ ಮೂರು. ಮೊದಲನೆಯದಾಗಿ, ಕಚ್ಚಾ ವಸ್ತುವಿನ ಬೆಲೆ ಇಂದು ಏರಿದರೆ ತಯಾರಿಸಿದ ವಸ್ತುವಿನ ಬೆಲೆ ನಾಳೆ ಏರುವುದು. ಈ ವಿಳಂಬದಲ್ಲಿ ಲಾಭ ಸೋರಿಹೋಗುವುದು. ಎರಡನೆಯದಾಗಿ, ಯಂತ್ರದ ಸವಕಳಿಯನ್ನು ಹಳೆಯ ಬೆಲೆಯಲ್ಲಿಯೇ ಲೆಕ್ಕ ಹಾಕುವರು. ಹತ್ತು ವರ್ಷಗಳ ಹಿಂದೆ 10 ಲಕ್ಷಕ್ಕೆ ಕೊಂಡ ಯಂತ್ರದ ಬದಲಿಗೆ ಹೊಸದನ್ನು ಕೊಳ್ಳಲು ಈಗ 20 ಲಕ್ಷ ಬೇಕು. ಆದರೆ ಲೆಕ್ಕಪುಸ್ತಕ 10 ಲಕ್ಷವನ್ನು ಮಾತ್ರ ತೆಗೆದಿಟ್ಟಿರುವುದು. ಉಳಿದುದನ್ನು ಲಾಭವೆಂದು ತೋರಿಸಿ ತೆರಿಗೆ ಕಟ್ಟಿಯಾಗಿರುವುದು. ಮೂರನೆಯದಾಗಿ, ಹಣದುಬ್ಬರವನ್ನು ತಡೆಯಲು ಕೇಂದ್ರ ಬ್ಯಾಂಕುಗಳು ಬಡ್ಡಿಯನ್ನು ಏರಿಸುವುವು. 1981ರಲ್ಲಿ ಅಮೆರಿಕದ ಅಲ್ಪಾವಧಿ ಬಡ್ಡಿ ಶೇಕಡ 20ರ ಸಮೀಪಕ್ಕೆ ಹೋಗಿದ್ದಿತು. ಅಷ್ಟು ಬಡ್ಡಿ ಸಾಲಪತ್ರದಲ್ಲಿಯೇ ಸಿಗುವಾಗ ಷೇರಿಗೆ ಹೆಚ್ಚು ಬೆಲೆ ಕೊಡುವವರು ಯಾರು?

ಇದರೊಡನೆ ಹಣದ ಭ್ರಮೆಯೂ ಸೇರಿತೆಂದು 1979ರಲ್ಲಿ ಫ್ರಾಂಕೋ ಮೋದಿಲ್ಯಾನಿ ಮತ್ತು ರಿಚರ್ಡ್ ಕೋನ್ ಎಂಬ ಇಬ್ಬರು ವಿದ್ವಾಂಸರು ವಾದಿಸಿದರು. ಬಡ್ಡಿಯಲ್ಲಿ ಬೆಲೆಯೇರಿಕೆಯ ಪರಿಹಾರವೂ ಸೇರಿರುತ್ತದೆ. ಷೇರಿನ ಗಳಿಕೆಯಾದರೋ ಬೆಲೆಗಳೊಡನೆ ತಾನೇ ಏರತಕ್ಕದ್ದು. ಈ ಭೇದವನ್ನು ಮರೆತು ಜನರು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿ, ಷೇರುಗಳನ್ನು ಅಗ್ಗವಾಗಿ ಮಾರಿದರೆಂಬುದು ಅವರ ಅಭಿಪ್ರಾಯ. 1982ರ ತರುವಾಯ ಹಣದುಬ್ಬರ ಇಳಿದಂತೆ ಅಲ್ಲಿನ ಷೇರುಗಳು ದೀರ್ಘಕಾಲ ಏರಿದುದು ಎಲ್ಲರಿಗೂ ತಿಳಿದ ವಿಷಯ. ಆದರೆ 1966ರಲ್ಲಿ ಹಣ ಹಾಕಿ 1982ರಲ್ಲಿ ನಿವೃತ್ತನಾದವನಿಗೆ ಅದರಿಂದ ಏನು ಪ್ರಯೋಜನ?

ಕಾಲ ದೀರ್ಘವಾದರೆ ಅಪಾಯ ತಾನೇ ಅಳಿಯುವುದೆಂಬ ನಂಬಿಕೆಯನ್ನೂ ಇಲ್ಲಿ ತಿದ್ದಬೇಕಾಗಿದೆ. ನಾಣ್ಯವನ್ನು ಹೆಚ್ಚು ಬಾರಿ ಚಿಮ್ಮಿದಷ್ಟೂ ಸರಾಸರಿ ಸ್ಥಿರವಾಗುವಂತೆ, ವರ್ಷಗಳು ಹೆಚ್ಚಿದಂತೆ ವಾರ್ಷಿಕ ದರದ ಏರಿಳಿತ ಕಡಮೆಯಾಗುವುದು ನಿಜ. ಆದರೆ ನಾವು ಉಣ್ಣುವುದು ದರವನ್ನಲ್ಲ, ಕೊನೆಗೆ ಕೈಗೆ ಬರುವ ಮೊತ್ತವನ್ನು. ವಾಸ್ತವ ದರ ಶೇಕಡ 7 ಆದರೆ 30 ವರ್ಷಗಳಲ್ಲಿ ಹಣ 7.6 ಪಟ್ಟಾಗುವುದು, ಶೇಕಡ 5 ಆದರೆ 4.3 ಪಟ್ಟು. ದರದಲ್ಲಿ ಎರಡರ ವ್ಯತ್ಯಾಸ, ಫಲದಲ್ಲಿ ಹತ್ತಿರ ಹತ್ತಿರ ಅರ್ಧದ ವ್ಯತ್ಯಾಸ!

ತೆರಿಗೆಯವನ ಅಳತೆಗೋಲು

ತೆರಿಗೆಯೂ ನಾಮಮಾತ್ರ ಲಾಭವನ್ನೇ ಹಿಡಿದು ಅಳೆಯುವುದು. ನಮ್ಮ ದೇಶದಲ್ಲಿ 2024ರ ಜುಲೈ 23ರಿಂದ, ಒಂದು ವರ್ಷಕ್ಕೆ ಮೀರಿ ಇಟ್ಟುಕೊಂಡ ನೋಂದಾಯಿತ ಷೇರುಗಳ ಮಾರಾಟದ ಲಾಭದಲ್ಲಿ ವರ್ಷಕ್ಕೆ ಮೊದಲ 1,25,000 ರೂಪಾಯಿಯನ್ನು ಬಿಟ್ಟು ಉಳಿದುದರ ಮೇಲೆ ಶೇಕಡ 12.5ರ ತೆರಿಗೆಯನ್ನು ಗೊತ್ತುಪಡಿಸಲಾಯಿತು. ಬೆಲೆಯೇರಿಕೆಗಾಗಿ ಬೇರೆ ರಿಯಾಯಿತಿ ಇಲ್ಲ. ಈಗ 30 ವರ್ಷಗಳಲ್ಲಿ ಬೆಲೆಗಳೊಡನೆ ಸರಿಸಮನಾಗಿ ಏರಿ, ಅದಕ್ಕಿಂತ ಒಂದು ಕೂದಲೂ ಹೆಚ್ಚು ಏರದ ಷೇರನ್ನು ಕಲ್ಪಿಸಿಕೊಳ್ಳೋಣ. ಒಂದು ಲಕ್ಷವು 5 ಲಕ್ಷದ 74 ಸಾವಿರವಾಗಿದೆ. ವಾಸ್ತವ ಲಾಭ ಸೊನ್ನೆ. ಆದರೂ ಎಲ್ಲವನ್ನೂ ಒಂದೇ ವರ್ಷದಲ್ಲಿ ಮಾರಿದರೆ, ಉಪಕರವನ್ನು ಬಿಟ್ಟು, ಸುಮಾರು 43,700 ರೂಪಾಯಿ ತೆರಿಗೆ ಕಟ್ಟಬೇಕಾಗುವುದು. ಬೆಳೆಯದ ಸರಳಿಗೆ ಬೆಳೆದುದಕ್ಕಾಗಿ ಸುಂಕ! ತೆರಿಗೆಯು ಬೇಡವೆಂದು ನಾವು ಹೇಳುತ್ತಿಲ್ಲ. ಲೆಕ್ಕ ಹಾಕುವಾಗ ಅದನ್ನು ಬಿಡಬಾರದೆಂದಷ್ಟೇ ನಮ್ಮ ಅಭಿಪ್ರಾಯ.

ಉಪಸಂಹಾರ

ನಾವು ಭೌತವಿಜ್ಞಾನದ ಅಧ್ಯಾಪಕರು. ಯಾವ ಷೇರನ್ನು ಕೊಳ್ಳಬೇಕು, ಯಾವಾಗ ಕೊಳ್ಳಬೇಕೆಂದು ಹೇಳುವ ಅಧಿಕಾರ ನಮಗಿಲ್ಲ. ಅಳತೆಯ ವಿಷಯದಲ್ಲಿ ಮಾತ್ರ ಒಂದು ಮಾತನ್ನು ಒತ್ತಿ ಹೇಳಬಹುದು. ದೀರ್ಘಕಾಲದ ಯಾವ ಲಾಭವನ್ನು ಕಂಡರೂ "ಎಷ್ಟು ರೂಪಾಯಿ?" ಎಂದು ಕೇಳುವ ಬದಲು "ಎಷ್ಟು ಬುಟ್ಟಿ?" ಎಂದು ಕೇಳಬೇಕು. ಹಾಗೆ ಕೇಳಿದವನಿಗೆ ಪೆಟ್ಟಿಗೆಯಲ್ಲಿಟ್ಟ ಹಣ ಸುರಕ್ಷಿತವೆಂಬ ಭ್ರಮೆಯೂ ಇರದು, ಷೇರು ಬೆಲೆಯೇರಿಕೆಯನ್ನು ಪ್ರತಿವರ್ಷವೂ ಗೆಲ್ಲುವುದೆಂಬ ಭ್ರಮೆಯೂ ಇರದು. ಹಲವು ದಶಕಗಳ ಲೆಕ್ಕದಲ್ಲಿ ಷೇರುಗಳು ಬೆಲೆಗಳನ್ನು ಹಿಂದೆ ಹಾಕಿವೆ. ಆದರೆ ಹತ್ತು ಹದಿನಾರು ವರ್ಷಗಳ ಕಾಲ ಹಿಂದೆ ಬಿದ್ದುದೂ ಉಂಟು. ಈ ಎರಡೂ ವಾಕ್ಯಗಳನ್ನು ಒಟ್ಟಿಗೆ ನೆನಪಿನಲ್ಲಿಟ್ಟುಕೊಳ್ಳುವುದೇ ಈ ಪಾಠದ ಸಾರ.

ನಮ್ಮ ಬಂಧುಗಳು ಕೊನೆಗೆ ಎರಡು ಕೋಣೆಗಳ ಒಂದು ಚಿಕ್ಕ ಮನೆಯನ್ನು ಸಾಲ ಮಾಡಿ ಕಟ್ಟಿದರು. ಇಂದಿಗೂ ಅವರು ಷೇರಿನಲ್ಲಿ ತಮಗೆ ನಷ್ಟವಾಗಲಿಲ್ಲವೆಂದೇ ಹೇಳುತ್ತಾರೆ. ನಾವು ಎದುರು ಮಾತಾಡುವುದಿಲ್ಲ. ಆದರೆ ಈಗಷ್ಟೇ ದುಡಿಮೆಗೆ ಇಳಿಯಲಿರುವ ನಮ್ಮ ವಿದ್ಯಾರ್ಥಿಗಳಿಗೆ ಈ ಲೆಕ್ಕವನ್ನು ಪ್ರತಿವರ್ಷವೂ ಕರಿಹಲಗೆಯ ಮೇಲೆ ಮಾಡಿ ತೋರಿಸುತ್ತೇವೆ.

ವಾಚಕರಿಗೆ ಮೂರು ಲೆಕ್ಕಗಳು

1. ಒಂದು ಷೇರಿನ ಬೆಲೆ 9 ವರ್ಷಗಳಲ್ಲಿ ಎರಡು ಪಟ್ಟಾಯಿತು. ಬೆಲೆಗಳು ವರ್ಷಕ್ಕೆ ಶೇಕಡ 8ರಂತೆ ಏರಿದವು. ವಾಸ್ತವ ಲಾಭವೆಷ್ಟು? (ಉತ್ತರ: ಏನೂ ಇಲ್ಲ. 9 ವರ್ಷವು ರೂಪಾಯಿಯ ಒಂದು ಅರ್ಧಾಯು.)

2. ಒಂದು ದೇಶದಲ್ಲಿ ನಾಮಮಾತ್ರ ಲಾಭ ಶೇಕಡ 12, ಬೆಲೆಯೇರಿಕೆ ಶೇಕಡ 6. ಇನ್ನೊಂದು ದೇಶದಲ್ಲಿ ಲಾಭ ಶೇಕಡ 24, ಬೆಲೆಯೇರಿಕೆ ಶೇಕಡ 18. ಯಾವ ದೇಶದ ಹೂಡಿಕೆದಾರನು ಹೆಚ್ಚು ಗಳಿಸಿದನು? (ಉತ್ತರ: ಮೊದಲನೆಯವನು. ಅವನಿಗೆ ಶೇಕಡ 5.66, ಎರಡನೆಯವನಿಗೆ 5.08. ಕಳೆದು ನೋಡಿದರೆ ಇಬ್ಬರೂ ಸಮಾನರೆಂದು ತಪ್ಪಾಗಿ ತೋರುವುದು.)

3. ನಿಮ್ಮ ಮನೆಯ ಹಿರಿಯರನ್ನು ಅವರ ಮೊದಲ ಸಂಬಳದ ಕಾಲದಲ್ಲಿ ಒಂದು ಸೇರು ಅಕ್ಕಿ, ಒಂದು ದಿನಪತ್ರಿಕೆ, ಒಂದು ಲೋಟ ಕಾಫಿ ಇವುಗಳ ಬೆಲೆ ಎಷ್ಟಿದ್ದಿತೆಂದು ಕೇಳಿ. ಇಂದಿನ ಬೆಲೆಯೊಡನೆ ಹೋಲಿಸಿ, ಪ್ರತಿಯೊಂದರ ವಾರ್ಷಿಕ ಏರಿಕೆಯನ್ನು ಲಾಗರಿತಮಿನಿಂದ ಕಂಡುಹಿಡಿಯಿರಿ. ಇದಕ್ಕೆ ಉತ್ತರವನ್ನು ನಾವು ಕೊಡಲಾರೆವು. ಅದು ನಿಮ್ಮ ಮನೆಯಲ್ಲಿಯೇ ಇದೆ.